ಹುಚ್ಚಣ್ಣನ ಲಿನಕ್ಸ್ ದರ್ಶನ

"ಪರೀಕ್ಷೆ ಮುಗಿಯೋವರೆಗೂ ಯಾರೂ ಬಾಯಿ ಬಿಡೋ ಹಾಗಿಲ್ಲ" ಎಂದರು ಹಾಸನದಿಂದ ಬಂದಿದ್ದ ಪರೀಕ್ಷಕ ಶಶಿಧರ್. ಅಷ್ಟು ಸಾಕಾಯಿತು. ಹುಚ್ಚಣ್ಣನಿಗೆ ಕಲಿತದ್ದೆಲ್ಲ ಮರೆತುಹೋಯಿತು.

ಅರಸೀಕೆರೆಯ ಕಂಪ್ಯೂಟರ್ ಸೆಂಟರಿನ ಆ ಮಹಡಿ ಕೋಣೆಯಲ್ಲಿ ಉಳಿದ ಮೂವರು ಆಗತಾನೇ ಡಿಗ್ರಿ ಮುಗಿಸಿದವರು. ಅರ್ಧ ತಲೆ ನರೆತವನು ಹುಚ್ಚಣ್ಣ ಒಬ್ಬನೇ. ಹಳೇಬೀಡಿನ ಗೈಡು. ಇಪ್ಪತ್ತು ವರ್ಷ ದೇವಸ್ಥಾನದ ಸುತ್ತ ಕೂಗಿ ಕೂಗಿ ಗಂಟಲು ಕೆಟ್ಟು, "ಗೈಡ್ ಕೆಲಸ ಬಿಡಿ, ಇಲ್ಲಾಂದ್ರೆ ಇರೋ ದನೀನೂ ಹೋಗುತ್ತೆ" ಎಂದು ಡಾಕ್ಟರು ಹೆದರಿಸಿದ್ದರು. ದಾರಿ ಹುಡುಕಿದವಳು ಹೆಂಡತಿ ಅಂಕಮ್ಮ. "ಅದೇನೋ ಲಿನಕ್ಸ್ ಅಂತೆ ಕಣ್ರೀ. ದೊಡ್ಡ ಕಂಪ್ಯೂಟರ್ ಕಾಯೋ ಕೆಲ್ಸ. ಓನಾಮದಿಂದ ಹಿಡಿದು ಪೂರ್ತಿ ಕಲಿಸ್ತಾರಂತೆ. ಯಾರ ಜೊತೇನೂ ಮಾತಾಡಂಗೇ ಇಲ್ವಂತೆ!"

ಹುಚ್ಚಣ್ಣ ಕಲಿತ. ಆದರೆ ಎದುರಿಗೆ ಯಾರಾದರೂ ನಿಂತು ಕೇಳಿಸಿಕೊಳ್ಳದಿದ್ದರೆ ಅವನಿಗೆ ಒಂದು ಕಮಾಂಡೂ ನೆನಪಾಗುತ್ತಿರಲಿಲ್ಲ. ಮನೆಯಲ್ಲಿ ಅಂಕಮ್ಮನಿಗೆ ಹೇಳುತ್ತಿದ್ದ, ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ಹೇಳುತ್ತಿದ್ದ, ಯಾರೂ ಸಿಗದ ದಿನ ಕೊಟ್ಟಿಗೆಯ ಎಮ್ಮೆಗೆ ಹೇಳುತ್ತಿದ್ದ. ನಮ್ಮೆಮ್ಮೆಗೆ ಅರ್ಧ ಲಿನಕ್ಸ್ ಬರುತ್ತೆ ಎಂದು ಅಂಕಮ್ಮ ಬೀದಿಗೆಲ್ಲ ಸಾರಿದ್ದಳು.

ಈಗ ಎದುರಿಗೆ ಬರೀ ಕಪ್ಪು ಪರದೆ. ಸರ್ವರ್ ತುಂಬಿ ಕೆಲಸ ನಿಂತಿದೆ, ಜಾಗ ಮಾಡಿಕೊಡಬೇಕು ಎಂಬುದು ಪ್ರಶ್ನೆ. ಹುಚ್ಚಣ್ಣನ ಅಂಗಿ ಬೆನ್ನಿಗೆ ಅಂಟಿತು. ಪಾಠ ಹೇಳಿದ್ದ ಸಿಂಧು, ಊರಿನ ಕೊಬ್ಬರಿ ವ್ಯಾಪಾರಿಯೊಬ್ಬರ ಮಗಳು, ಬಾಗಿಲಲ್ಲಿ ನಿಂತು ಗಾಳಿಯಲ್ಲಿ ಬೆರಳಾಡಿಸಿ ಟೈಪ್ ಮಾಡಿ ಎಂದು ಸನ್ನೆ ಮಾಡಿದಳು. ಏನೂ ಪ್ರಯೋಜನವಾಗಲಿಲ್ಲ.

"ಸಾರ್, ನಿಮಗೆ ಹೇಳ್ಲಾ? ನೀವು ಕೇಳದಿದ್ರೂ ಪರವಾಗಿಲ್ಲ. ಇಲ್ಲಿ ಬಂದು ನಿಂತ್ಕಂಡ್ರೆ ಸಾಕು" ಎಂದ ಹುಚ್ಚಣ್ಣ.

ಶಶಿಧರ್‌ಗೆ ಅರ್ಥವಾಗಲಿಲ್ಲ. ಗದರಿಸಲೆಂದೇ ಹತ್ತಿರ ಬಂದು ನಿಂತರು. ಹುಚ್ಚಣ್ಣ ಕೂಡಲೇ ಎದ್ದು ಅಂಗಿ ಸರಿಮಾಡಿಕೊಂಡು ಒಂದು ಕೈ ಮೇಲೆತ್ತಿದ.

"ಬನ್ನಿ ಸ್ವಾಮಿ, ಇನ್ನೂ ಹತ್ರ ಬನ್ನಿ. ಇದು ರೂಟು, ಗರ್ಭಗುಡಿ ಇದ್ದಂಗೆ. ಎಲ್ಲರಿಗೂ ಪ್ರವೇಶ ಇಲ್ಲ, ಇವತ್ತು ನನ್ನತ್ರ ಪಾಸ್‌ವರ್ಡ್ ಐತೆ. ಎಡಕ್ಕೆ ನೋಡಿ, ಈ ಯಂತ್ರ ಬಳಸೋರ ಮನೆಗಳು, ಒಬ್ಬೊಬ್ಬರಿಗೆ ಒಂದೊಂದು. ಹಂಗೇ ಬಲಕ್ಕೆ ಬನ್ನಿ. ಹುಷಾರು, ಹೊಸ್ತಿಲೈತೆ."

ಶಶಿಧರ್ ಕಾಲೆತ್ತಿ ದಾಟಿದರು.

"ಡಿ ಎಫ್ ಅಂತ ಒತ್ತಿದ್ರೆ ಎಷ್ಟು ತುಂಬೈತೆ ಅಂತ ತೋರಿಸ್ತದೆ. ನೋಡಿ ಸ್ವಾಮಿ, ನೂರಕ್ಕೆ ನೂರು! ಇರುವೆ ನಿಲ್ಲಾಕೂ ಜಾಗ ಇಲ್ಲ."

"ಇಷ್ಟೊಂದು ತುಂಬಿದ್ದು ಯಾರು?" ಎಂದು ಕೇಳಿದವರು ಸ್ವತಃ ಪರೀಕ್ಷಕರು. ಅಷ್ಟರಲ್ಲಿ ಉಳಿದ ಮೂವರೂ ತಮ್ಮ ಕುರ್ಚಿ ಬಿಟ್ಟು ಅವರ ಹಿಂದೆ ಬಂದು ಕತ್ತು ಚಾಚಿದ್ದರು.

"ಒಳ್ಳೇ ಪ್ರಶ್ನೆ ಕೇಳಿದ್ರಿ! ಇವನ್ನ ಲಾಗ್ ಅಂತಾರೆ. ಯಂತ್ರ ದಿನಾ ತಾನು ಮಾಡಿದ್ದನ್ನೆಲ್ಲ ತಾನೇ ಬರ್ಕಂಡಿರೋದು. ನಮ್ಮ ಶಾಸನ ಇದ್ದಂಗೆ. ಇದು ನೋಡಿ, ಎಂಟು ವರ್ಷದ ಹಿಂದಿನದು."

"ಸರಿ, ಅಳಿಸಿ."

ಹುಚ್ಚಣ್ಣನ ಕೈ ಗಾಳಿಯಲ್ಲೇ ನಿಂತಿತು. "ಅಳಿಸೋದಾ?"

"ಹಳೇದು ತಾನೇ? ಯಾರಿಗೆ ಬೇಕು?"

"ಸ್ವಾಮಿ, ಮೂಗು ಒಡೆದಿರೋ, ಕೈ ಹೋಗಿರೋ ವಿಗ್ರಹಗಳ ಮುಂದೆ ನಿಂತು ಅನ್ನ ತಿಂದೋನು ನಾನು. ಹಳೇದು ಅಳಿಸು ಅಂದ್ರೆ ಕೈ ಬರಲ್ಲ."

"ಹಾಗಾದ್ರೆ ಫೇಲಾಗ್ತೀರಿ."

ಬಾಗಿಲಲ್ಲಿ ಸಿಂಧು ದುಪಟ್ಟಾದ ತುದಿ ಕಚ್ಚಿಕೊಂಡಳು. ಹುಚ್ಚಣ್ಣ ಪರದೆಯನ್ನೊಮ್ಮೆ, ಹಿಂದೆ ನಿಂತವರನ್ನೊಮ್ಮೆ ನೋಡಿ ಗಂಟಲು ಸರಿಮಾಡಿಕೊಂಡ. ಫೇಲಾದರೆ ಮತ್ತೆ ಅದೇ ಬಿಸಿಲು, ಅದೇ ಕೂಗು. "ಅಳಿಸಲ್ಲ ಸ್ವಾಮಿ. ಮಡಿಚಿಡ್ತೀನಿ. ಸೀರೆ ಮಡಿಚಿದ್ರೆ ಬೀರುನಾಗೆ ಜಾಗ ಆಗಲ್ವಾ? ಹಂಗೆ. ಮೊದಲು ಚಿಕ್ಕದು. ದೊಡ್ಡದನ್ನ ಮಡಿಚಾಕೆ ಕೈಯಾಡಿಸೋಷ್ಟಾದರೂ ಜಾಗ ಬೇಕು ನೋಡಿ."

ಒಂದೊಂದೇ ಫೈಲು ಕುಗ್ಗುತ್ತ ಬಂತು, ಜೊತೆಗೆ ಹುಚ್ಚಣ್ಣನ ದನಿಯೂ ಕುಗ್ಗುತ್ತ ಬಂತು. ತೊಂಬತ್ತಾಯಿತು, ಎಪ್ಪತ್ತಾಯಿತು. ನಲವತ್ತಕ್ಕೆ ಇಳಿದು ಸರ್ವರ್ ಕಣ್ಣು ಬಿಡುವಾಗ ಅವನ ಬಾಯಿಂದ ಬರೀ ಗಾಳಿ ಬರುತ್ತಿತ್ತು. ಶಶಿಧರ್ ಅವನ ತುಟಿಯ ಹತ್ತಿರ ಕಿವಿ ಕೊಟ್ಟು ಕೇಳಿಸಿಕೊಂಡು, ಮೂವರ ಕಡೆ ತಿರುಗಿ ದೊಡ್ಡದಾಗಿ ಹೇಳಿದರು: "ಇಲ್ಲಿಗೆ ದರ್ಶನ ಮುಗೀತಂತೆ." ಮೂವರೂ ಚಪ್ಪಾಳೆ ತಟ್ಟಿದರು. ಆಮೇಲೆ ತಮ್ಮ ಜಾಗಕ್ಕೆ ಓಡಿಹೋಗಿ ಕೇಳಿದ್ದನ್ನೇ ಒತ್ತಿ, ಅವರೂ ಪಾಸಾದರು.

"ಹುಚ್ಚಣ್ಣೋರೇ, ಕೆಲಸಕ್ಕೆ ಸೇರಿದ ಮೇಲೆ ಇದನ್ನೆಲ್ಲ ಯಾರಿಗೆ ಹೇಳ್ತೀರಿ?" ಎಂದು ಶಶಿಧರ್ ಬ್ಯಾಗು ಹೆಗಲಿಗೇರಿಸುತ್ತ ಕೇಳಿದರು. ಹುಚ್ಚಣ್ಣ ಬಾಯಿ ತೆರೆದ, ದನಿ ಹೊರಡಲಿಲ್ಲ.

"ಎಲ್ಲಾ ಕಡೆ ಒಬ್ಬ ವಾಚ್‌ಮನ್ ಇದ್ದೇ ಇರ್ತಾರೆ ಸಾರ್" ಎಂದಳು ಸಿಂಧು.

ಶಶಿಧರ್ ಗಂಭೀರವಾಗಿ ಮೆಟ್ಟಿಲಿಳಿದು ರಸ್ತೆಗೆ ಬಂದರು. ಕಾದ ಡಾಂಬರಿಗೆ ಕಾಲಿಟ್ಟದ್ದೇ ತಡ, ಹೌಹಾರಿ ಎರಡಡಿ ಮೇಲಕ್ಕೆ ಹಾರಿದರು. ಕಾಲಲ್ಲಿ ಬೂಟಿರಲಿಲ್ಲ. ಕುಂಟುತ್ತ ತಿರುಗಿ ಮೇಲೆ ಹತ್ತಿ ನೋಡಿದರೆ, ಹುಚ್ಚಣ್ಣನ ಕಂಪ್ಯೂಟರಿನಿಂದ ಎರಡು ಹೆಜ್ಜೆ ಆಚೆ ಅವು ಒಪ್ಪವಾಗಿ ಜೋಡಿಸಿದಂತೆ ಕೂತಿದ್ದವು. ಯಾವಾಗ ಬಿಟ್ಟೆ ಎಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಅವುಗಳ ಪಕ್ಕದಲ್ಲಿ, ಸಾಲಾಗಿ, ಇನ್ನೂ ಮೂರು ಜೊತೆ ಚಪ್ಪಲಿ.