ತೊಳೆಯದ ಗೋಡೆ

ಕೆಂಡದಲ್ಲಿ ಸುಟ್ಟ ಒಣಮೀನಿನ ವಾಸನೆ ಬಂದರೆ ವಾರಿಜಳಿಗೆ ತಾನು ಮತ್ತೆ ಎರಡು ಜಡೆಯ ಹುಡುಗಿಯಾದಂತೆ ಅನಿಸುತ್ತಿತ್ತು. ಆ ಊರಿನ ಗೋಡೆಗಳು ಅಡುಗೆಯ ವಾಸನೆಯನ್ನು ಎಂದೂ ಮರೆಯುತ್ತಿರಲಿಲ್ಲ. ಮಧ್ಯಾಹ್ನ ಬಿಸಿಲೇರಿದೊಡನೆ ಎಲ್ಲವನ್ನೂ ಹೊರಗೆ ಬಿಡುತ್ತಿದ್ದವು. ಮನೆ ಕೊಳ್ಳುವವರು ಆ ಹೊತ್ತಿಗೇ ಬಂದು ಮೂಸಿ ನೋಡುತ್ತಿದ್ದರು. ತಾಯಿ ತೀರಿಕೊಂಡು ವರ್ಷಗಳಾದರೂ ಅವಳ ಕೈಯಡುಗೆಯ ವಾಸನೆ ಈ ಮನೆಯ ಗೋಡೆಯಲ್ಲಿತ್ತು. ತಂಗಿಯ ಊರಿಗೆ ಹೋಗಬೇಕಾದ ವಾರಿಜ ಮನೆಯನ್ನು ಮಾರಲೇಬೇಕಿತ್ತು.

ದಲ್ಲಾಳಿ ದಿವಾಕರ ಗೋಡೆ ತೊಳೆಯುವ ಪಂಪು ಹಿಡಿದು ಅಡುಗೆಮನೆಗೆ ನುಗ್ಗಿದ.

“ಅಕ್ಕ, ಮನೆ ಮಾರ್ಲಿಕ್ಕುಂಟಾದ್ರೆ ಮೊದಲು ಈ ಮೀನು ಹೋಗ್ಬೇಕು. ಒಮ್ಮೆ ತೊಳೆದ್ರೆ ಮತ್ತೆ ಬರುದಿಲ್ಲ. ಮೇಲಿಂದ ತುಪ್ಪದ ವಾಸನೆ ಹೊಡಿಯುವ. ಕೊಳ್ಳುವ ಪಾರ್ಟಿಯವರು ಮೀನು ತಿನ್ನುವವರಲ್ಲ, ಅವರಿಗೆ ಅದೇ ಬೇಕು.”

“ಅದು ಮೀನಲ್ಲ, ನನ್ನ ಅಮ್ಮ!” ವಾರಿಜ ಪಂಪಿಗೆ ಅಡ್ಡ ನಿಂತಳು. “ಸತ್ತವಳನ್ನು ಇನ್ನೊಮ್ಮೆ ಸಾಯಿಸ್ಲಿಕ್ಕೆ ಬಂದದ್ದಾ ನೀನು? ಅವರ ಮೂಗಿಗೆ ಅಷ್ಟು ಮರ್ಯಾದೆ ಇದ್ರೆ ಮುಚ್ಚಿಕೊಂಡು ಬರ್ಲಿ. ನಿನ್ನ ಅಪ್ಪ ಇಲ್ಲೇ ಕೂತು ಎಷ್ಟು ಸಲ ಉಂಡಿದ್ದಾರೆ, ಗೊತ್ತುಂಟಾ?”

ಅವನು ಬಾಯಿ ತೆರೆಯುವಷ್ಟರಲ್ಲಿ ಬಿಸಿಲು ಗೋಡೆಗೆ ತಾಗಿತು. ಒಣಮೀನು, ಹುರಿದ ತೆಂಗಿನಕಾಯಿ, ಹಳೆಯ ಹೊಗೆಗಳ ವಾಸನೆ ಕೋಣೆಯೆಲ್ಲ ತುಂಬಿತು. ದಿವಾಕರ ಉಸಿರೆಳೆದ; ಅಪ್ಪ ಉಂಡು ಮನೆಗೆ ಬರುತ್ತಿದ್ದಾಗಿನ ಅದೇ ವಾಸನೆ. ಅಷ್ಟರಲ್ಲಿ ಅವನಿಗೆ ಕೊಳ್ಳುವವರ ಫೋನು ಬಂತು.

“ಇಲ್ಲ ಸರ್, ತೊಳಿಯುದಿಲ್ಲ,” ಎಂದ. “ಇದು ಮೀನು ಬೇಯಿಸಿದ ಮನೆ. ಆಗುದಿಲ್ಲಾಂದ್ರೆ ಬೇರೆ ಮನೆ ನೋಡಿ.”

ಪಂಪನ್ನು ಹೊರಗಿಟ್ಟು ಬಂದ. ವಾರಿಜಳ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೂ ಬಟ್ಟಲಿಗೆ ಬಿಸಿ ಗಂಜಿ ಬಡಿಸಿ, ಪಕ್ಕದಲ್ಲಿ ಹುರುಳಿ ಚಟ್ನಿ ಇಟ್ಟು, ಅವನ ಕೈಗೆ ಕೊಟ್ಟಳು.