ಪರದೆಯ ಹಿಂದೆ ಪೈಲವಾನ

ಇನ್ನೇನು ಶುರುವಾಗಿಯೇ ಬಿಡುತ್ತದೆ ಎಂದು ಭೀಮಶಿ ಪೈಲವಾನ ಮೊಮ್ಮಗಳ ಮೇಲಿಟ್ಟ ಕಣ್ಣನ್ನು ಕದಲಿಸಲಿಲ್ಲ. ದೊಡವಾಡದ ಶಾಲೆಯ ವಾರ್ಷಿಕ ಗ್ಯಾದರಿಂಗು. ಅಂಗಳದಲ್ಲಿ ಊರಿಗೆ ಊರೇ ಸೇರಿತ್ತು. ಪರದೆಯ ಹಿಂದೆ, ಒಂದನೇ ತರಗತಿಯ ನೀಲಾ ಕಿತ್ತೂರು ರಾಣಿಯ ವೇಷದಲ್ಲಿ ನಿಂತಿದ್ದಳು. ಕಿರೀಟ ರಟ್ಟಿನದು, ಖಡ್ಗ ರಟ್ಟಿನದು. ಅಜ್ಜನ ಜೀವವೊಂದೇ ನಿಜವಾದದ್ದು, ಅದು ಬಾಯಿಗೆ ಬಂದಿತ್ತು.

ನೀಲಾಳಿಗೆ ಆ ತ್ರಾಸು ಮೊದಲ ಸಲ ಬಂದದ್ದು ಮುರಗೋಡದ ಮದುವೆಯೊಂದರಲ್ಲಿ. ಬ್ಯಾಂಡಿನವರ ಗದ್ದಲ, ಕಿಕ್ಕಿರಿದ ಜನ. ನೀಲಾ ಇದ್ದಕ್ಕಿದ್ದಂತೆ ಎದೆ ಹಿಡಿದುಕೊಂಡಳು. ಮೈ ನಡುಗುತ್ತಿತ್ತು, ಉಸಿರು ಸಿಗುತ್ತಿರಲಿಲ್ಲ, ಕೈ ಐಸಿನಷ್ಟು ತಣ್ಣಗಾಗಿತ್ತು. "ಅಜ್ಜಾ, ನಾ ಸಾಯ್ತೇನಿ" ಎಂದಳು.

ಅಷ್ಟೇ ಸಾಕಾಯಿತು. ಇದು ಮೂರ್ಛೆರೋಗವೇ ಎಂದು ತೀರ್ಪು ಕೊಟ್ಟ ಬೀಗರೊಬ್ಬರು ಅವಳ ಅಂಗೈಗೆ ಕೀಲಿಕೈ ಗೊಂಚಲು ತುರುಕಿದರು. ಅಡುಗೆಯವರು ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು. ಮತ್ತೊಬ್ಬರು ಬಾಗಿಲ ಬಳಿಯಿಂದ ಚಪ್ಪಲಿ ತಂದು ಮೂಸಿಸಿದರು. ಅದರ ಒಡೆಯ ಸವದತ್ತಿಯ ಬಸ್ಸನ್ನು ಒಂದೇ ಚಪ್ಪಲಿಯಲ್ಲಿ ಹತ್ತಿದನಂತೆ. ಪೈಲವಾನನೂ ಸುಮ್ಮನಿರುವ ಆಸಾಮಿಯಲ್ಲ. ಒಂದು ಕೊಡ ನೀರು ತಂದು ಮಗುವಿನ ತಲೆಯ ಮೇಲೆ ಸುರಿದ. ಪಾಪ, ಅದು ಇನ್ನಷ್ಟು ಹೆದರಿತು.

ಬೈಲಹೊಂಗಲದ ಮಕ್ಕಳ ಡಾಕ್ಟರು ಅಂಬರೀನ ಎಲ್ಲ ಪರೀಕ್ಷೆ ಮಾಡಿ ನೋಡಿದರು. "ಇದು ಫಿಟ್ಸ್ ಅಲ್ರಿ, ದೃಷ್ಟಿ ಅಲ್ಲ, ಹುಡುಗಿ ನಾಟಕಾನೂ ಮಾಡಾಕತ್ತಿಲ್ಲ. ಅಂಜಿಕಿ ಒಮ್ಮೆಲೆ ಉಕ್ಕಿ ಬರ್ತೈತಿ. ಪ್ಯಾನಿಕ್ ಅಟ್ಯಾಕ್ ಅಂತಾರ. ಸ್ವಲ್ಪ ಹೊತ್ತಿಗೆ ತಾನ ಇಳೀತೈತಿ. ಅಲ್ಲೀತನಕ ಮಂದೀನ ದೂರ ಸರಿಸ್ರಿ, ಆಕಿ ಸಮಕ್ಕ ಕುಂದರ್ರಿ, ಬೈಬ್ಯಾಡ್ರಿ."

"ಉಸರ ಸಾವಕಾಶ ಬಿಡು ಅಂತ ಹೇಳೇನ್ರಿ. ಕೇಳೂದಿಲ್ಲ" ಎಂದ ಪೈಲವಾನ.

"ಅಂಜಿದವರಿಗೆ ಬಾಯಿಲೆ ಹೇಳಿದ್ರ ತಿಳಿಯೂದಿಲ್ಲ, ಪೈಲವಾನರ. ಅವರ ಮುಂದ ನೀವ ಮಾಡ್ರಿ. ನೋಡಿ ಅವರೂ ಮಾಡ್ತಾರ."

ಹಾಗೆ ಹುಟ್ಟಿದ್ದು ಬಶಿಯ ಆಟ. ಅಜ್ಜ ಮೊಮ್ಮಗಳು ಎದುರುಬದುರು ಕೂರುವುದು. ಅಂಗೈಯನ್ನೇ ಕಪ್ಪಿನ ಕೆಳಗಿನ ಬಶಿ ಮಾಡಿಕೊಳ್ಳುವುದು. ಅದರಲ್ಲಿ ಸುಡುವ ಚಹಾ ಇದೆ ಎಂದುಕೊಂಡು, ಚೆಲ್ಲದಂತೆ ಮೆಲ್ಲಗೆ ಊದುವುದು. ರಾಮದುರ್ಗದವರೆಗೂ ಕುಸ್ತಿಯಲ್ಲಿ ಹೆಸರು ಮಾಡಿದ ಮನುಷ್ಯ ಇಲ್ಲದ ಚಹಾ ಊದುವುದನ್ನು ಕಂಡು ಓಣಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ಕ್ಯಾರೇ ಅನ್ನಲಿಲ್ಲ. ಮಗುವಿಗೆ ಗುಣ ಕಂಡಿತ್ತು.

ಆದರೆ ಇವತ್ತಿನ ಮಾತು ಬೇರೆ. ಶೀತಲ ಟೀಚರು ಬೆಳಿಗ್ಗೆಯೇ ಹೇಳಿದ್ದರು: "ಆಕಿಗೆ ಜರಾ ತ್ರಾಸ ಆದ್ರೂ ಸ್ಟೇಜ್ ಹತ್ತಸೂದಿಲ್ರಿ. ಮೀನಾ ಎಲ್ಲಾ ಮಾತು ಕಲ್ತಾಳ, ಆಕೀನ ರಾಣಿ ಮಾಡ್ತೇನಿ." ಮಗುವಿನ ಹಿತಕ್ಕೇ ಹೇಳಿದ ಮಾತು, ತಪ್ಪು ಹುಡುಕುವಂತಿಲ್ಲ. ಆದರೆ ನೀಲಾ ಆ ಖಡ್ಗವನ್ನು ಪಕ್ಕದಲ್ಲಿಟ್ಟುಕೊಂಡೇ ಮಲಗುತ್ತಿದ್ದಳು. ಅದನ್ನು ಅವಳ ಕೈಯಿಂದ ಇಸಿದುಕೊಳ್ಳುವುದು ಅಜ್ಜನಿಂದ ಆಗುವ ಕೆಲಸವಾಗಿರಲಿಲ್ಲ.

ಹೊರಗೆ ಮೈಕು ಕಿರುಚಿತು. ಪೈಲವಾನನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಡಿಸೆಂಬರಿನಲ್ಲೂ ಇಂಥ ಸೆಕೆ. ಪರದೆ ಕಟ್ಟಿದವರು ಗಾಳಿಗೆ ಸಂದು ಬಿಟ್ಟಿಲ್ಲವೆಂದು ಮನಸ್ಸಿನಲ್ಲೇ ಬೈದ. ನೀರು ಕುಡಿಯಹೋದರೆ ಲೋಟ ತುಳುಕಿ ಧೋತರ ನೆನೆಯಿತು. ಹಲಗೆಗಳನ್ನೂ ನೆಟ್ಟಗೆ ಕೂರಿಸಿಲ್ಲ, ಕಾಲ ಕೆಳಗೆ ಎಲ್ಲ ಅಲುಗಾಡುತ್ತಿದೆ. ಡೊಳ್ಳಿನವರ ಪ್ರತಿ ಏಟೂ ಎದೆಗೇ ಬೀಳುತ್ತಿತ್ತು.

ಆಗ ನೀಲಾ ಅವನತ್ತ ತಿರುಗಿ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಅಜ್ಜಾ, ಬಂತು."

ಟೀಚರು ಆಚೆ ಸೈನಿಕರಿಗೆ ಮೀಸೆ ಬರೆಯುತ್ತಿದ್ದರು. ಮುಚ್ಚಿಡಲೇ ಎಂದು ಒಂದು ಕ್ಷಣ ಅನಿಸಿತು. ಥೂ, ಮಗುವಿಗಿಂತ ಕಿರೀಟ ಹೆಚ್ಚೇ? ಪೈಲವಾನ ದಡಕ್ಕನೆ ನೆಲಕ್ಕೆ ಕುಳಿತ. ಧೈರ್ಯ ಹೇಳಲು ಬಾಯಿ ತೆರೆದ. ಬರೀ ಏದುಸಿರು ಹೊರಬಿತ್ತು.

ನೀಲಾಳೇ ಅಂಗೈ ಚಾಚಿದಳು. "ಮೊದಲ ನೀ ಊದು. ನಿನ್ನ ನೋಡಿ ನಾ ಊದ್ತೇನಿ."

ಊದಿದ.

"ಇನ್ನೂ ಸಾವಕಾಶ. ಎಲ್ಲಾ ಚೆಲ್ಲಾಕತ್ತಿ."

ಮತ್ತೆ ಊದಿದ. ಅವಳ ಕೈ ಹಿಡಿದು ನೋಡಿದ. ಹಿಂದಿನಂತೆ ತಣ್ಣಗಿರಲಿಲ್ಲ, ಬೆಚ್ಚಗಿತ್ತು. ಸದ್ಯ, ಬೇಗ ಇಳಿಯಿತಲ್ಲ ಎಂದುಕೊಂಡ. ಊದುತ್ತ ಹೋದಂತೆ ಹಲಗೆಯ ಅಲುಗಾಟವೂ ನಿಂತಿತು. ಯಾರೋ ಮೊಳೆ ಹೊಡೆದಿರಬೇಕು.

ತಲೆಯೆತ್ತಿದರೆ ಟೀಚರು ಎದುರಿಗೇ ನಿಂತಿದ್ದರು.

"ಬಂದಿತ್ರಿ" ಎಂದು ಅವನೇ ಒಪ್ಪಿಕೊಂಡ. "ಹೋತು."

ಟೀಚರು ನೀಲಾಳ ಕೈ ಮುಟ್ಟಿ ನೋಡಿದರು. ಆಮೇಲೆ ಪೈಲವಾನನ ಮುಖವನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದರು.

"ಈಗ ಆರಾಮೇನ್ರಿ?"

"ಆರಾಮ ಅದಾಳ್ರಿ."

ಟೀಚರು ತುಟಿ ಬಿಗಿಹಿಡಿದು ನಗು ನುಂಗಿದರು. ನೀಲಾಳ ಕಿರೀಟ ಸರಿಮಾಡಿ, ಬೆನ್ನು ತಟ್ಟಿ, ವೇದಿಕೆಯತ್ತ ಕಳಿಸಿದರು.

ಪರದೆ ಸರಿಯಿತು. ನೀಲಾ ಒಂದು ಮಾತೂ ತಪ್ಪಲಿಲ್ಲ. ಅವಳ ಆರ್ಭಟಕ್ಕೆ ಕಂಪನಿ ಸಾಹೇಬನಾಗಿದ್ದ ಹುಡುಗ ತನ್ನ ಮಾತು ಮರೆತು, ಟೊಪ್ಪಿಗೆ ಬಿಟ್ಟು ಓಡಿಹೋದ. ಅಂಗಳ ಸಿಳ್ಳೆಯಲ್ಲಿ ಮುಳುಗಿತು. ಪೈಲವಾನನಿಗೆ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲೂ ಮನಸ್ಸಾಗಲಿಲ್ಲ.

ಇಳಿದು ಬಂದವಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಎಲ್ಲರಿಗೂ ಕೇಳಿಸಲೆಂದೇ ಹೇಳಿದ: "ಅಟ್ಯಾಕ್ ಬಂದ್ರೂ ರಾಣಿ ಹೆಂಗ ಗೆದ್ಲು ನೋಡ್ರಿ. ಬಾಜೂಕ ಅಜ್ಜ ಇದ್ದಾ ಅಂತ ಧೈರ್ಯ ಇತ್ತು."

ನೀಲಾ ಬಗ್ಗಿ, ಬೇರೆ ಯಾರಿಗೂ ಕೇಳಿಸದಂತೆ, ಅವನ ಕಿವಿಯಲ್ಲಿ ಉಸುರಿದಳು: "ನನಗೇನೂ ಬಂದಿದ್ದಿಲ್ಲ, ಅಜ್ಜಾ. ಬಂದಿದ್ದು ನಿನಗ."