ಬಾಗಿದ ಪರದೆಗೊಂದು ಮನವಿ

ಈ ತುದಿಯಿಂದ ಆ ತುದಿ ನೋಡಲು ಕತ್ತು ತಿರುಗಿಸಬೇಕಾದಷ್ಟು ಅಗಲದ, ಬಿಲ್ಲಿನಂತೆ ಬಾಗಿದ ಆ ಮಾನಿಟರನ್ನು ಪ್ರಹ್ಲಾದ ಆರಿಸಿದ್ದು ಕಾರ್ ರೇಸಿನ ಗೇಮಿಗೆ. ಆದರೆ ಅದನ್ನು ಕೊಡಿಸಬೇಕಾದದ್ದು ಕಂಪನಿ. ಹಾಗಾಗಿ, ಮನೆಯಿಂದಲೇ ಮಾಡುತ್ತಿದ್ದ ವಿಮೆ ಅರ್ಜಿ ಪರಿಶೀಲನೆಯ ಮೇಲೆ ಅವನಿಗೆ ಇದ್ದಕ್ಕಿದ್ದಂತೆ ಅಪಾರ ಭಕ್ತಿ ಹುಟ್ಟಿತು.

ಮೂರು ಪುಟದ ಮನವಿ ಬರೆದ. ಎಡಕ್ಕೆ ಅರ್ಜಿ, ಬಲಕ್ಕೆ ದಾಖಲೆ ತೆರೆದಿಟ್ಟರೆ ಇಬ್ಬರ ಕೆಲಸ ಒಬ್ಬರೇ ಮಾಡಬಹುದು ಎಂದ. ಅರ್ಜಿ ಓದುವ ಪರದೆ ಸೆಕೆಂಡಿಗೆ ಇನ್ನೂರನಲವತ್ತು ಸಲ ಚಿತ್ರ ಬದಲಿಸುವುದು ಯಾತಕ್ಕೆ ಎಂದು ಯಾರಾದರೂ ಕೇಳಿಯಾರೆಂದು, 'ಕಣ್ಣಿನ ಆರೋಗ್ಯಕ್ಕೆ' ಎಂದೂ ಸೇರಿಸಿದ.

ಅದೇ ಕೆಲಸದಲ್ಲಿದ್ದ ಜಯಶೀಲಾಗೆ ಫೋನಿನಲ್ಲಿ ಓದಿ ಹೇಳಿದ.

"ನಂಗೆ ಈ ಲ್ಯಾಪ್‌ಟಾಪೇ ಸಾಕಪ್ಪ," ಎಂದಳು ಅವಳು. ಮುಂದೆ ಬರುವ ಆಸೆಯೇ ಇಲ್ಲದವರನ್ನು ಕಂಡು ಅವನಿಗೆ ಮರುಕವಾಯಿತು.

ವಾರದ ಮೇಲೆ ಮ್ಯಾನೇಜರ್ ಫೋನ್ ಮಾಡಿದರು.

"ನಿಮ್ಮ ಮನವಿ ಮೇಲಿನವರಿಗೆ ತುಂಬಾ ಹಿಡಿಸ್ತು ಪ್ರಹ್ಲಾದ್. ಮರುಮಾತಿಲ್ಲದೆ ಒಪ್ಕೊಂಡ್ರು."

"ಎಲ್ಲಾ ಕಂಪನಿಗೋಸ್ಕರಾನೇ ಅಲ್ವಾ ಸರ್," ಎಂದ ಅವನು, ಆಗಲೇ ತಂದಿಟ್ಟುಕೊಂಡಿದ್ದ ಗೇಮಿನ ಸ್ಟಿಯರಿಂಗನ್ನು ಸವರುತ್ತ.

"ಇಬ್ಬರ ಕೆಲಸ ಒಬ್ಬರೇ ಮಾಡ್ಬಹುದು ಅಂದಿದೀರಿ. ನಿಜ ತಾನೆ?"

"ನೂರಕ್ಕೆ ನೂರು ಸರ್. ಬೇಕಾದ್ರೆ ಬರ್ದು ಕೊಡ್ತೀನಿ."

"ಬರ್ದೇ ಕೊಟ್ಟಿದೀರಲ್ಲ, ಸಾಕು. ನಾಳೆ ಮಾನಿಟರ್ ಜಯಶೀಲಾ ಅವರ ಮನೆಗೆ ಹೋಗುತ್ತೆ, ನಿಮ್ಮ ಫೈಲುಗಳನ್ನೆಲ್ಲ ಇವತ್ತೇ ಅವರಿಗೆ ಒಪ್ಪಿಸ್ಬಿಡಿ."